ಮುಖದ ನರದ ದೌರ್ಬಲ್ಯ: ಮೊದಲು ತ್ವರೆ, ಅನಂತರ ತಾಳ್ಮೆ

ಯಾದವಗಿರಿಯ ಆಕಾಶವಾಣಿ ನಿಲಯದಲ್ಲಿ ನುಡಿಯುವವರಿಗೆ ಕಂಠವೊಂದಿದ್ದರೆ ಸಾಕು. ಕೇಳುಗರಿಗೆ ಅವರ ಮುಖ ಕಾಣದು. ಉಪಾಧ್ಯಾಯರಿಗೆ ಈ ಅನುಕೂಲವಿಲ್ಲ. ಅವರ ಹುಬ್ಬು, ಕಣ್ಣು, ತುಟಿಗಳೂ ಪಾಠ ಹೇಳುತ್ತವೆ. ಅಂಥವರ ಮುಖದ ಒಂದು ಪಾರ್ಶ್ವವು ಬೆಳಗಾಗುವಷ್ಟರಲ್ಲಿ ಜೋತುಬಿದ್ದು, ರೆಪ್ಪೆ ಮುಚ್ಚದೆ, ಬಾಯಿ ಸೊಟ್ಟಗಾದರೆ ಆಗುವ ತಳಮಳ ಸಾಮಾನ್ಯವಾದುದಲ್ಲ. ಪ, ಬ, ಮ ಎಂಬ ಓಷ್ಠ್ಯಾಕ್ಷರಗಳೂ ಆಗ ತಡವರಿಸುತ್ತವೆ.

ಇದನ್ನು ಗಾಳಿ ಸೋಂಕೆಂದೋ ದೃಷ್ಟಿದೋಷವೆಂದೋ ಬಗೆಯುವವರು ಇನ್ನೂ ಇದ್ದಾರೆ. ವಾಸ್ತವವಾಗಿ ಇದು ಮೆದುಳಿನಿಂದ ಹೊರಡುವ ಏಳನೆಯ ನರದ ಬೇನೆ. 1821ರಲ್ಲಿ ಮುಖದ ನರಗಳ ಕಾರ್ಯವನ್ನು ವಿವರಿಸಿದ ಚಾರ್ಲ್ಸ್ ಬೆಲ್ ಅವರ ಹೆಸರಿನಿಂದ ಇದರ ಸಾಮಾನ್ಯ ರೂಪವನ್ನು ‘ಬೆಲ್ಸ್ ಪಾಲ್ಸಿ’ ಎನ್ನುತ್ತಾರೆ. 72 ಗಂಟೆಗಳೊಳಗೆ ವೈದ್ಯರು ಸ್ಟೀರಾಯ್ಡ್ ಔಷಧಿಯನ್ನು ಆರಂಭಿಸಿದರೆ ಪೂರ್ಣ ಗುಣವಾಗುವ ಸಂಭವ ಹೆಚ್ಚು. ಹಣೆ ಎಂದಿನಂತೆ ಸುಕ್ಕುಗಟ್ಟುತ್ತಿದ್ದು ಬಾಯಿ ಮಾತ್ರ ಓರೆಯಾಗಿದ್ದರೆ, ಅಥವಾ ಕೈಕಾಲುಗಳೂ ಬಲಗುಂದಿದ್ದರೆ, ಅದು ಮೆದುಳಿನ ಆಘಾತವಿರಬಹುದು. ಆಗ ಗಳಿಗೆಯೂ ತಡೆಯಬಾರದು.

ನಮ್ಮ ದೋಷವೆಂದರೆ, ತ್ವರೆ ಬೇಕಾದಲ್ಲಿ ತಡಮಾಡುತ್ತೇವೆ. ತಾಳ್ಮೆ ಬೇಕಾದಲ್ಲಿ ಆತುರಪಡುತ್ತೇವೆ. ಮೊದಲ ದಿನಗಳನ್ನು ಮಂತ್ರ, ಲೇಪಗಳಲ್ಲಿ ಕಳೆದು, ಅನಂತರ ಬಲೂನು ಊದಿ, ಮುಖವನ್ನು ಬಲವಂತದಿಂದ ಹಿಂಡಿ ನರವನ್ನು ಎಬ್ಬಿಸಲೆಳಸುತ್ತೇವೆ. ಇದು ಸರಿಯಲ್ಲ. ಚಿಗುರುವ ನರತಂತುಗಳು ಕೆಲವೊಮ್ಮೆ ದಾರಿತಪ್ಪಿ ಬೇರೆ ಸ್ನಾಯುಗಳನ್ನು ಸೇರುವುದರಿಂದ, ನಗಲು ಹೋದರೆ ಕಣ್ಣು ಮುಚ್ಚಿಕೊಳ್ಳುವ ತೊಡಕು ಉಂಟಾಗುತ್ತದೆ; ಒರಟು ಸಾಧನೆಯಿಂದ ಅದು ಬಲಿಯುವುದುಂಟು. ಕನ್ನಡಿಯ ಮುಂದೆ ಕುಳಿತು, ಚಿಕಿತ್ಸಕರು ತೋರಿದಂತೆ, ಸಣ್ಣ ಚಲನೆಗಳನ್ನು ನಿಧಾನವಾಗಿ ಅಭ್ಯಾಸ ಮಾಡುವುದೇ ಯೋಗ್ಯ ಕ್ರಮ. ಅಕ್ಷರಾಭ್ಯಾಸದಂತೆ ಇಲ್ಲಿಯೂ ಬಲಕ್ಕಿಂತ ತಿದ್ದಿಕೆ ಮುಖ್ಯ. ಜೊತೆಗೆ ಹಗಲು ಕಣ್ಣಿಗೆ ತೇವದ ಹನಿ, ರಾತ್ರಿ ಮುಲಾಮು ಹಾಕಿ ರೆಪ್ಪೆ ಮುಚ್ಚಿ ಪಟ್ಟಿ. ಇಲ್ಲವಾದರೆ ಕಣ್ಣಿನ ಕರಿಗುಡ್ಡೆಗೆ ಹುಣ್ಣಾಗಿ ದೃಷ್ಟಿಗೇ ಅಪಾಯ.

ನಮ್ಮ ನಗರದಲ್ಲಿ ಕೃಷ್ಣರಾಜೇಂದ್ರ ಆಸ್ಪತ್ರೆಯಿದೆ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಆದರೆ ಹಳ್ಳಿಯ ಕೂಲಿಕಾರನಿಗೆ ತಿಂಗಳುಗಟ್ಟಲೆ ಬಂದುಹೋಗುವ ಬಸ್ಸಿನ ವೆಚ್ಚ, ಕಳೆದುಕೊಳ್ಳುವ ದಿನಗೂಲಿಗಳೇ ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸುತ್ತವೆ. ಕಟ್ಟಡಗಳಿಗೆ ಉದಾರವಾಗಿ ನೀಡುವ ದಾನಿಗಳು ಈ ಕಡೆಗೂ ಕಣ್ಣು ಹಾಯಿಸಬೇಕು. ಶಾಲೆಯ ಹೊಣೆಯೂ ಕಡಿಮೆಯದಲ್ಲ. ಬಾಯಿ ಓರೆಯಾದ ಬಾಲಕನನ್ನು ಅಣಕಿಸದಂತೆ ತರಗತಿಯನ್ನು ತಿದ್ದುವುದು, ಅಂಥ ಉಪಾಧ್ಯಾಯರಿಗೆ ಕೆಲಕಾಲ ವಿರಾಮ ನೀಡುವುದು ನಮ್ಮ ಕೈಯಲ್ಲೇ ಇದೆ. ಕನ್ನಡಿಯ ಮುಂದೆ ಧೈರ್ಯ ತಂದುಕೊಂಡವನು ಜನರ ಮುಂದೆ ಅದನ್ನು ಕಳೆದುಕೊಳ್ಳುವಂತಾಗಬಾರದು.