ಕ್ಯಾಮೆರಾ ಸಂಚಾರವೂ ನಮ್ಮ ಹೋಟೆಲುಗಳೂ

ಕಳೆದ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಮುಂಬಯಿಯ ಫೋರ್ಟ್ ವಿಭಾಗದಲ್ಲಿ, ಇಲ್ಲಿಯವರೇ ಆದ ಕಲಾವಿದರೊಬ್ಬರ ಮುಂದಾಳುತನದಲ್ಲಿ ಇಪ್ಪತ್ತು ಮಂದಿ ಛಾಯಾಚಿತ್ರ ತೆಗೆಯುತ್ತ ಬೀದಿ ಬೀದಿ ನಡೆದರು. ಅವರೊಡನೆ ನಾವೂ ಹೆಜ್ಜೆ ಹಾಕಿದೆವು. ದೊಡ್ಡ ಕ್ಯಾಮೆರಾ ಇರಲೇಬೇಕೆಂಬ ನಿಯಮವೇನೂ ಇರಲಿಲ್ಲ. ಜೇಬಿನ ಮೊಬೈಲು ಸಾಕಾಗಿತ್ತು.

ಮೊದಲ ಹತ್ತು ನಿಮಿಷ ಯಾರೂ ಚಿತ್ರ ತೆಗೆಯಕೂಡದು, ಸುಮ್ಮನೆ ನೋಡಬೇಕು ಎಂದು ಕಲಾವಿದರು ವಿಧಿಸಿದರು. ಮುಂಜಾನೆಯ ಓರೆಬಿಸಿಲು ಕಲ್ಲಿನ ಕೆತ್ತನೆಯನ್ನು ಹೇಗೆ ಎತ್ತಿ ತೋರಿಸುತ್ತದೆಂಬುದನ್ನು ಅಂದು ಕಂಡೆವು. 1878ರಲ್ಲಿ ಪೂರ್ತಿಗೊಂಡ ರಾಜಾಬಾಯಿ ಗೋಪುರದ ಮೇಲೆ ಪಶ್ಚಿಮ ಭಾರತದ ನಾನಾ ಜನವರ್ಗಗಳ 24 ಶಿಲಾಮೂರ್ತಿಗಳಿವೆ. 1869ರ ಕ್ರಾಫರ್ಡ್ ಮಾರ್ಕೆಟಿನ ಬಾಗಿಲ ಮೇಲೆ ಲಾಕ್‌ವುಡ್ ಕಿಪ್ಲಿಂಗರು ರೂಪಿಸಿದ ದುಡಿಯುವ ರೈತರ ಉಬ್ಬುಶಿಲ್ಪವಿದೆ. ತರಕಾರಿಯ ಚೀಲ ಹಿಡಿದು ವರ್ಷಗಟ್ಟಲೆ ಅದೇ ಬಾಗಿಲಲ್ಲಿ ನುಗ್ಗಿದ ನಾವು ಒಮ್ಮೆಯಾದರೂ ತಲೆಯೆತ್ತಿ ನೋಡಿದವರಲ್ಲ!

ಆದರೆ ನಾವು ಇದನ್ನು ಬರೆಯಲು ಕಾರಣವಾದ ಸಂಗತಿ ಬೇರೆ. ಒಂದು ಗಲ್ಲಿಯ ಉಪಾಹಾರಗೃಹದ ಮುಂದೆ ತರುಣನೊಬ್ಬನು ಮೆಟ್ಟಿಲು ತೊಳೆಯುತ್ತಿದ್ದನು. ಐದಾರು ಕ್ಯಾಮೆರಾಗಳು ಒಮ್ಮೆಲೇ ಅವನತ್ತ ತಿರುಗಿದವು; ಅವನು ಮುಖವನ್ನು ಗೋಡೆಯತ್ತ ತಿರುಗಿಸಿಕೊಂಡನು. ಕಲಾವಿದರು ಎಲ್ಲರನ್ನೂ ತಡೆದು, ತಾವೇ ಹೋಗಿ ಅವನ ಒಪ್ಪಿಗೆ ಕೇಳಿ, ಒಂದೇ ಒಂದು ಚಿತ್ರ ತೆಗೆದು ಅವನಿಗೇ ತೋರಿಸಿದರು. ನಾವು ಮಾತನಾಡಿಸಲಾಗಿ ಕುಂದಾಪುರದ ಕಡೆಯವನೆಂದು ತಿಳಿಯಿತು. ಆ ಚಿತ್ರವನ್ನು ಊರಿನಲ್ಲಿರುವ ಅಮ್ಮನಿಗೆ ಕಳುಹಿಸಬಹುದೇ ಎಂದು ಕೇಳಿದನು. ತಿಂಗಳು ತಿಂಗಳೂ ಹಣ ಕಳುಹಿಸುತ್ತಾನಂತೆ. ತಾನು ದುಡಿಯುವ ಸ್ಥಳವನ್ನು ಮಾತ್ರ ಮನೆಯವರಿಗೆ ಎಂದೂ ತೋರಿಸಿಲ್ಲ.

ನಮ್ಮ ಹೋಟೆಲಿನ ಗಲ್ಲೆಯ ಹಿಂದೆ ಪ್ರಾರಂಭೋತ್ಸವದ ಚಿತ್ರವೊಂದು ತೂಗುತ್ತಿದೆ. ಅದರಲ್ಲಿ ಅತಿಥಿಗಳಿದ್ದಾರೆ, ಹಾರಗಳಿವೆ, ನಾವೂ ಇದ್ದೇವೆ. ಅಂದು ನಸುಕಿನಲ್ಲೆದ್ದು ಇಡ್ಲಿ ಬೇಯಿಸಿದ ಅಡಿಗೆಯವರಾಗಲಿ, ಲೋಟ ತೊಳೆದವರಾಗಲಿ ಇಲ್ಲ. ಅವರನ್ನೂ ಕರೆದು ನಿಲ್ಲಿಸಿಕೊಳ್ಳಬೇಕೆಂಬ ಯೋಚನೆಯೇ ನಮಗೆ ಹೊಳೆಯಲಿಲ್ಲ. ಅವರಲ್ಲಿ ಇಬ್ಬರು ಈಗ ಬದುಕಿಲ್ಲ.

ಮಾಟುಂಗದಲ್ಲಿ ರಾಮ ನಾಯಕರು 1942ರಲ್ಲಿ ಊಟದ ಬೋರ್ಡಿಂಗ್ ತೆರೆದುದನ್ನು ಮುಂಬಯಿಯ ಕನ್ನಡಿಗರು ಬಲ್ಲರು. ಅಂದಿನಿಂದ ಈ ನಗರದ ಹೋಟೆಲುಗಳಲ್ಲಿ ಹಗಲು ದುಡಿದು, ರಾತ್ರಿಶಾಲೆಯಲ್ಲಿ ಓದಿ, ಕಚೇರಿಯ ಗುಮಾಸ್ತರಾದವರ ಮುಖಗಳು ಯಾವ ಗೋಡೆಯ ಮೇಲಿವೆ? ಮೈಸೂರಿನ ಟಿ. ಎಸ್. ಸತ್ಯನ್ (1923-2009) ಅವರು ಗಣ್ಯರನ್ನು ಚಿತ್ರಿಸಿದಷ್ಟೇ ಶ್ರದ್ಧೆಯಿಂದ ಸಾಮಾನ್ಯರನ್ನೂ ಚಿತ್ರಿಸಿದರು. ಆ ದೃಷ್ಟಿಯನ್ನು ನಮ್ಮವರ ಮೇಲೆ ನಾವೇ ಹರಿಸಬಾರದೇಕೆ?

ನಮ್ಮ ಸಂಘಗಳು ಮಾಟುಂಗದಲ್ಲಿ ಇಂಥದೊಂದು ಸಂಚಾರವನ್ನು ಏರ್ಪಡಿಸಲಿ. ಮುಂದಾಳಾಗಲು ಕನ್ನಡ ಕಲಾವಿದರು ಈ ನಗರದಲ್ಲಿ ಇಲ್ಲದಿಲ್ಲ. ಆದರೆ ಭಾನುವಾರ ಬೆಳಿಗ್ಗೆ ಬೇಡ. ಗುಮಾಸ್ತರಿಗೆ ಬಿಡುವಾಗುವ ಹೊತ್ತೇ ಹೋಟೆಲಿನವರಿಗೆ ಗಿರಾಕಿಗಳ ನೂಕುನುಗ್ಗಲು. ವಾರದ ನಡುವೆ, ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ತೊಡಗುವ ಮುನ್ನ, ಮೂರರಿಂದ ಐದು ಗಂಟೆ ಇರಲಿ. ಒಂದು ದಿನ ಅರ್ಧ ರಜೆ ಹಾಕುವುದು ಗುಮಾಸ್ತರಿಗೆ ಸಾಧ್ಯವಿದೆ. ಆ ಹೊತ್ತಿನ ಬೀದಿಯ ಬಿಸಿಲು ಚಿತ್ರಕ್ಕೆ ಹಿತವಲ್ಲ, ನಿಜ. ಅಡಿಗೆಮನೆಯ ಬಾಗಿಲಿನಿಂದ ಒಳಬರುವ ಬೆಳಕು ಬಹಳ ಸೊಗಸೆಂದು ಆ ಕಲಾವಿದರೇ ಹೇಳಿದರು. ಕ್ಯಾಮೆರಾ ಮಾಣಿಗಳ ಕೈಯಲ್ಲಿಯೇ ಇರಲಿ. ಒಲ್ಲದವರ ಚಿತ್ರ ತೆಗೆಯುವುದು ಬೇಡ. ಒಪ್ಪಿ ಕಳುಹಿಸಿದ ಚಿತ್ರಗಳನ್ನು ಅವರ ಹೆಸರು, ಊರು ಸಹಿತ ಈ ಪತ್ರಿಕೆಯಲ್ಲಿ ಅಚ್ಚು ಮಾಡುವೆವು.

ಮಾಲಿಕ ಬಂಧುಗಳು ಎರಡು ಗಂಟೆ ಬಿಡುವು ಕೊಡಬೇಕು, ಸಂಬಳ ಮುರಿಯಬಾರದು. ನಮ್ಮ ಹೋಟೆಲನ್ನು ಈಗ ನೋಡಿಕೊಳ್ಳುತ್ತಿರುವ ತಮ್ಮನಿಗೆ, ನಾಲ್ವರನ್ನು ಕಳುಹಿಸೆಂದು ಹೇಳಿದ್ದೇವೆ. ಅವನು ಇಬ್ಬರೆನ್ನುತ್ತಿದ್ದಾನೆ, ಮಾತು ನಡೆದಿದೆ.