ಕಲಿಸುವುದೇನು ಮಹಾ!

ನಮ್ಮ ಪಟ್ಟಣಗಳ ವಿದ್ಯಾವಂತರ ಮನೆಗಳಲ್ಲಿ ಒಂದು ಮಾತು ಬಹುಕಾಲದಿಂದ ಚಲಾವಣೆಯಲ್ಲಿದೆ. ಸಂಜೆಯ ಕಾಫಿಯ ಹೊತ್ತಿಗೆ ಅದು ತಪ್ಪದೆ ಹೊರಬೀಳುತ್ತದೆ: "ಅವರಿಗೇನು ಬಿಡಿ, ಇಸ್ಕೂಲು ಮೇಷ್ಟರು. ಹತ್ತಕ್ಕೆ ಹೋಗಿ ನಾಲ್ಕಕ್ಕೆ ಬರುವ ಕೆಲಸ. ಅ ಆ ಇ ಈ ಕಲಿಸುವುದೇನು ಮಹಾ!" ಹೀಗೆನ್ನುವವರು ದುಷ್ಟರಲ್ಲ. ಶಸ್ತ್ರವೈದ್ಯನ ಕತ್ತಿಯನ್ನು ಒಂದು ಗಳಿಗೆ ತಮ್ಮ ಕೈಗೆ ಕೊಡಿರೆಂದು ಅವರು ಎಂದೂ ಕೇಳಲಾರರು. ಸೀಮೆಸುಣ್ಣವನ್ನು ಮಾತ್ರ ಯಾರು ಬೇಕಾದರೂ ಹಿಡಿಯಬಹುದೆಂದು ನಂಬಿರುತ್ತಾರೆ. ಈ ನಂಬಿಕೆ ಸುಳ್ಳು. ಈ ಸುಳ್ಳಿನ ಬೆಲೆಯನ್ನು ತೆರುತ್ತಿರುವವರು ನಮ್ಮ ಬಡವರ ಮಕ್ಕಳು. ಇಷ್ಟನ್ನು ಹೇಳುವುದಕ್ಕಾಗಿಯೇ ಈ ಲೇಖನ.

ನಂಬಿಕೆ ಎಲ್ಲಿಂದ ಬಂತೆಂಬುದು ತಿಳಿಯಲಾರದ ಸಂಗತಿಯಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ ಎಂಬಾತ ೧೯೭೫ರಲ್ಲಿ ಶಾಲೆಯ ಉಪಾಧ್ಯಾಯರನ್ನು ಕುರಿತು ಬರೆದ ಪುಸ್ತಕದಲ್ಲಿ ಇದರ ಬೇರನ್ನು ತೋರಿಸಿದ್ದಾನೆ. ನಾವೆಲ್ಲರೂ ಸಾವಿರಾರು ಗಂಟೆಗಳ ಕಾಲ ಬೆಂಚಿನ ಮೇಲೆ ಕುಳಿತು ಉಪಾಧ್ಯಾಯರನ್ನು ನೋಡಿದ್ದೇವೆ. ಬೇರೆ ಯಾವ ಕಸುಬನ್ನೂ ಇಷ್ಟು ಹೊತ್ತು ನೋಡಿರುವುದಿಲ್ಲ. ಆದ್ದರಿಂದ ಇದು ನಮಗೆ ಗೊತ್ತು ಎಂದುಕೊಳ್ಳುತ್ತೇವೆ. ಆದರೆ ನಾವು ನೋಡಿದ್ದು ರಂಗಸ್ಥಳದ ಮುಂಭಾಗವನ್ನು ಮಾತ್ರ. ಬೆಳಗಿನವರೆಗೆ ಎಷ್ಟು ಯಕ್ಷಗಾನ ನೋಡಿದರೂ ಭಾಗವತನ ಜಾಗಟೆ ನಮ್ಮ ಕೈಯಲ್ಲಿ ತಾಳ ಹಿಡಿಯುವುದಿಲ್ಲ. ಚೌಕಿಯಲ್ಲಿ ಏನಾಯಿತೆಂಬುದೂ ನಮಗೆ ಗೊತ್ತಾಗುವುದಿಲ್ಲ.

ನಾನೂ ಈ ನಂಬಿಕೆಯವನೇ ಆಗಿದ್ದೆ. ಮೂವತ್ತು ವರ್ಷಕ್ಕೂ ಮಿಕ್ಕಿ ಲೆಕ್ಕಪತ್ರಗಳ ನಡುವೆ ಕಳೆದು ನಿವೃತ್ತನಾದವನಿಗೆ ಮಗ್ಗಿ ಹೇಳಿಕೊಡುವುದು ಬ್ರಹ್ಮವಿದ್ಯೆಯೆಂದು ಹೇಗೆ ತೋರೀತು? ನನ್ನ ಭ್ರಮೆ ಹರಿದದ್ದು ದೇವರಮನೆಯ ಗುಡ್ಡದ ಬುಡದಲ್ಲಿ.

ಮೂಡಿಗೆರೆಯ ಕಾಫಿ ತೋಟಗಳನ್ನು ದಾಟಿ, ಗುತ್ತಿಯ ಕಡೆಯಿಂದ ಏರಿದರೆ ದೇವರಮನೆ. ಕಾಲಭೈರವೇಶ್ವರನ ಗುಡಿ, ಸುತ್ತ ಹುಲ್ಲಿನ ಗುಡ್ಡಗಳು, ಅದರಾಚೆ ಘಟ್ಟದ ಆಳ. ಶನಿವಾರ ಭಾನುವಾರ ಬಂದರೆ ಬೆಂಗಳೂರಿನ ಕಾರುಗಳು ಮಂಜು ನೋಡಲು ಸಾಲುಗಟ್ಟುತ್ತವೆ. ಆ ದಾರಿಯ ಬದಿಯ ಊರುಗಳಲ್ಲಿ ಹೆಂಚಿನ ಮಾಡಿನ ಶಾಲೆಗಳೂ ಇವೆ. ಅವನ್ನು ನೋಡಲು ಯಾವ ಕಾರೂ ನಿಲ್ಲುವುದಿಲ್ಲ. ಅಂಥದೊಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನನ್ನ ತಂಗಿಯ ಮಗಳು ಉಪಾಧ್ಯಾಯಿನಿ. ಶಾಲೆಯ ಹೆಸರು ಬೇಡ. ಇಪ್ಪತ್ತೆರಡು ಮಕ್ಕಳು, ಐದು ತರಗತಿ, ಇಬ್ಬರು ಉಪಾಧ್ಯಾಯರು. ನಾನು ಹೋದ ವಾರ ಇಬ್ಬರಲ್ಲಿ ಒಬ್ಬರು ಮತದಾರರ ಪಟ್ಟಿಯ ಕೆಲಸಕ್ಕೆ ಹೋಗಿದ್ದರು. "ಯೋಚನೆ ಬೇಡ ತಾಯಿ, ಒಂದು ಗುಂಪನ್ನು ನಾನು ನೋಡಿಕೊಳ್ಳುತ್ತೇನೆ" ಎಂದು ಧೈರ್ಯವಾಗಿ ಹೇಳಿದೆ. ಅವಳು ನಕ್ಕು, "ಆಗಲಿ ಮಾವ, ಕೂತುಕೊಳ್ಳಿ" ಎಂದಳು.

ಕಾಫಿ ಕುಯ್ಲಿನ ಕಾಲ. ಮಕ್ಕಳ ಕೈಗೆಲ್ಲ ಹಣ್ಣಿನ ಅಂಟು. ಮನೆಯಲ್ಲಿ ಕನ್ನಡ ಆಡುವವರು ಕೆಲವರು. ಮಿಕ್ಕವರ ಮನೆಯ ಮಾತು ತುಳು, ತಮಿಳು, ಕೊಂಕಣಿ. ಒಂದು ಹುಡುಗಿಯ ತಂದೆತಾಯಿ ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರು, ಲೈನಿನಲ್ಲಿ ವಾಸ.

ಒಂದನೆಯ ತರಗತಿಯ ಗೋಡೆಯ ಮೇಲೆ ರ, ಗ, ಸ, ದ, ಅ ಎಂದು ಬರೆದಿತ್ತು. "ಇದೇನಮ್ಮ, ಅ ಆ ಇ ಈ ಎಲ್ಲಿ ಹೋಯಿತು?" ಎಂದು ನಾನು ಹಿರಿತನದಿಂದ ಕೇಳಿದೆ. "ಅ ಆ ಇ ಈ ಕಲಿತ ಮಗು 'ಆ', 'ಈ' ಎಂದು ಬೆರಳು ತೋರಿಸಬಹುದು ಮಾವ, ಒಂದು ವಸ್ತುವಿನ ಹೆಸರು ಓದಲಾರದು. ಈ ಐದು ಅಕ್ಷರ ಬಂದರೆ ಸರ, ಅರಸ, ಅಗಸ, ಗರಗಸ ಎಲ್ಲ ಓದುತ್ತದೆ. ಓದು ಬಂತು ಅನ್ನುವ ಖುಷಿ ಮೊದಲ ತಿಂಗಳೇ ಸಿಗಬೇಕಲ್ಲ" ಎಂದಳು. ೧೯೯೫ರಲ್ಲಿ ಹೆಗ್ಗಡದೇವನಕೋಟೆಯ ಉಪಾಧ್ಯಾಯರು ರಿಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿಬಂದು ಆರಂಭಿಸಿದ 'ನಲಿ-ಕಲಿ'ಯ ಕ್ರಮವಂತೆ ಇದು. ಅರುವತ್ತು ದಾಟಿದ ನನಗೆ ಅಕ್ಷರಮಾಲೆ ಗೊತ್ತಿತ್ತು. ಅದನ್ನು ಯಾವ ಅಕ್ಷರದಿಂದ ಬಿಚ್ಚಬೇಕೆಂಬುದು ಬೇರೆಯೇ ಒಂದು ವಿದ್ಯೆಯೆಂದು ಅಂದು ಗೊತ್ತಾಯಿತು.

ನನ್ನ ಪಾಲಿಗೆ ಬಂದದ್ದು ಲೆಕ್ಕ. ಮೂರನೆಯ ತರಗತಿಯ ಹುಡುಗನಿಗೆ "ನೂರೈದು ಬರಿ" ಎಂದೆ. ೧೦೦೫ ಎಂದು ಬರೆದ. ತಪ್ಪು ಎಂದೆ. ಅಳಿಸಿ, ಇನ್ನೂ ದುಂಡಗೆ, ೧೦೦೫ ಎಂದೇ ಬರೆದ. ನಾನು ಧ್ವನಿ ಏರಿಸಿದೆ. ಅವನ ಕಣ್ಣು ತುಂಬಿತು. ಅತ್ತ ನಾಲ್ಕನೆಯವರ ಪಾಠದಲ್ಲಿದ್ದ ನನ್ನ ಸೊಸೆ ಅಲ್ಲಿಂದಲೇ ನೋಡಿ ಬಂದಳು. "ಮಾವ, ಅವನು ನಿಮ್ಮ ಮಾತು ಕೇಳಿಯೇ ಬರೆದಿದ್ದಾನೆ. ನೂರು ಅಂದಿರಿ, ೧೦೦ ಬರೆದ. ಐದು ಅಂದಿರಿ, ೫ ಬರೆದ" ಎಂದಳು. ಆಮೇಲೆ ೧೦೦ ಎಂದು ಬರೆದ ಉದ್ದನೆಯ ಚೀಟಿಯೊಂದನ್ನು ಇಟ್ಟು, ೫ ಎಂದು ಬರೆದ ಸಣ್ಣ ಚೀಟಿಯನ್ನು ಅವನ ಕೈಗೆ ಕೊಟ್ಟು, "ಬಿಡಿಯ ಮನೆಯಲ್ಲಿ ಈಗ ಯಾರೂ ಇಲ್ಲ, ಐದನ್ನು ಅಲ್ಲಿ ಕೂರಿಸು" ಎಂದಳು. ಹುಡುಗ ಕೊನೆಯ ಸೊನ್ನೆಯ ಮೇಲೆ ಐದನ್ನು ಇಟ್ಟ; ನೋಡಿದ; ತಾನೇ ನಕ್ಕ. ಎರಡು ನಿಮಿಷದ ಕೆಲಸ. ಈ ಎರಡು ನಿಮಿಷದ ಹಿಂದೆ ಏನೇನಿತ್ತೆಂಬುದನ್ನು ಯೋಚಿಸಿ. ತಪ್ಪಿನ ಒಳಗಿದ್ದ ತರ್ಕ ಅವಳಿಗೆ ಒಂದೇ ನೋಟಕ್ಕೆ ಕಂಡಿತು. ನನಗೆ ಕಂಡದ್ದು ತಪ್ಪು ಮಾತ್ರ. ಲೆಕ್ಕ ನನಗೆ ಅವಳಿಗಿಂತ ಹೆಚ್ಚೇ ಗೊತ್ತು. ಆದರೆ ಲೆಕ್ಕ ಮಗುವಿನ ತಲೆಯಲ್ಲಿ ಎಲ್ಲಿ ಎಡವುತ್ತದೆಂಬುದು ಗೊತ್ತಿಲ್ಲ. ಲೀ ಶುಲ್ಮನ್ ಎಂಬ ಶಿಕ್ಷಣತಜ್ಞ ೧೯೮೬ರಲ್ಲಿ ಎತ್ತಿ ಹೇಳಿದ್ದು ಇದನ್ನೇ: ವಿಷಯದ ಜ್ಞಾನ ಒಂದು, ಆ ವಿಷಯವನ್ನು ಕಲಿಸುವ ಜ್ಞಾನ ಇನ್ನೊಂದು.

ನಾಲ್ಕನೆಯ ತರಗತಿಯ ಒಬ್ಬಳು 'ಸೂರ್ಯ'ನನ್ನು 'ಸೂಯ್ರ' ಎಂದು ಓದಿದಳು. ನಾನು ನಗಬಾರದಿತ್ತು, ನಕ್ಕೆ. ಬರವಣಿಗೆಯಲ್ಲಿ ಹಿಂದೆ ನಿಲ್ಲುವ ಅರ್ಕಾವತ್ತು ಉಚ್ಚಾರದಲ್ಲಿ ಮುಂದೆ ಬರುತ್ತದೆ. ಎಡದಿಂದ ಬಲಕ್ಕೆ ಓದಬೇಕೆಂದು ಮೂರು ವರ್ಷ ನಾವೇ ಕಲಿಸಿ, ಆ ನಿಯಮವನ್ನು ನಂಬಿದ ಮಗುವನ್ನು ಪೆದ್ದು ಎನ್ನುವುದು ಯಾವ ನ್ಯಾಯ?

ಇನ್ನು ಆ ಅಸ್ಸಾಮಿನ ಹುಡುಗಿ. ಮೂರು ದಿನ ನಾನು ಕೇಳಿದ ಒಂದು ಪ್ರಶ್ನೆಗೂ ಅವಳು ಬಾಯಿ ಬಿಡಲಿಲ್ಲ. ಈ ಮಗು ಮಂದ ಎಂದು ನಾನು ಮನಸ್ಸಿನಲ್ಲೇ ತೀರ್ಪು ಬರೆದೆ. ನಾಲ್ಕನೆಯ ದಿನ ನನ್ನ ಸೊಸೆ ಒಂದು ಕಾಫಿ ಹಣ್ಣನ್ನು ಎತ್ತಿ ಹಿಡಿದು, "ಇದು ಯಾವ ಬಣ್ಣ?" ಎಂದು ಅವಳನ್ನೇ ಕೇಳಿದಳು. ಹತ್ತು ಕೈಗಳು ಮೇಲೆದ್ದವು. ಅವಳು ತುಟಿಯ ಮೇಲೆ ಬೆರಳಿಟ್ಟು ಅವರನ್ನು ತಡೆದು, ಸುಮ್ಮನೆ ಕಾದಳು. ನನ್ನ ಪ್ರಾಣ ಹೋದಂತಾಯಿತು. ಆ ಮೌನ ಅಷ್ಟು ಉದ್ದವಾಗಿತ್ತು. ಕೊನೆಗೆ ಹುಡುಗಿ "ಕೆಂಪು" ಎಂದಳು. ಸಂಜೆ ಕೇಳಿದೆ. "ಮೊನ್ನೆ ಊಟದ ಸಾಲಿನಲ್ಲಿ ಗೆಳತಿಯ ರಿಬ್ಬನ್ ಹಿಡಿದು 'ಕೆಂಪು' ಅಂದಿದ್ದಳು ಮಾವ. ಕೇಳಿಸಿಕೊಂಡಿದ್ದೆ. ಮೊದಲ ಸಲ ಎಲ್ಲರ ಮುಂದೆ ಕೇಳುವಾಗ ಅವಳಿಗೆ ಗೊತ್ತಿರುವುದನ್ನೇ ಕೇಳಬೇಕು ಅಂತ ಇಟ್ಟುಕೊಂಡಿದ್ದೆ" ಎಂದಳು.

ಮೇರಿ ಬಡ್ ರೋ ಎಂಬಾಕೆ ೧೯೭೦ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಮಾಡಿ ಅಳೆದು ನೋಡಿದಳು. ಪ್ರಶ್ನೆ ಕೇಳಿದ ಉಪಾಧ್ಯಾಯ ಉತ್ತರಕ್ಕಾಗಿ ಕಾಯುವುದು ಸಾಧಾರಣವಾಗಿ ಒಂದೇ ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ. ಹಿಂದುಳಿದವರೆನಿಸಿಕೊಂಡ ಮಕ್ಕಳೂ ಮಾತಾಡುತ್ತಾರೆ. ಕೇಳುವುದಕ್ಕೆ ಸುಲಭ. ಆದರೆ ಒಬ್ಬಳಿಗಾಗಿ ಕಾಯುವ ಆ ಮೂರು ಸೆಕೆಂಡಿನಲ್ಲಿ ಹಿಂದಿನ ಸಾಲಿನ ಇಬ್ಬರು ಬಳಪಕ್ಕಾಗಿ ಕಿತ್ತಾಡುತ್ತಾರೆ, ಒಂದನೆಯ ತರಗತಿಯ ಮಗು ಮೂತ್ರಕ್ಕೆಂದು ಬೆರಳೆತ್ತುತ್ತದೆ, ಅಡುಗೆಯಾಕೆ ಬಾಗಿಲಲ್ಲಿ ನಿಂತು ಬೇಳೆ ಎಷ್ಟೆಂದು ಕೇಳುತ್ತಾಳೆ. ಇವರಲ್ಲಿ ಯಾರನ್ನು ಕಾಯಿಸಬೇಕು, ಯಾರನ್ನು ಕಾಯಿಸಬಾರದು? ಕಚೇರಿಯಲ್ಲಿ ನಾನು ಇಂಥದೊಂದು ಪ್ರಶ್ನೆಗೆ ಕಡತ ತೆರೆದು ಮೂರು ವಾರ ತೆಗೆದುಕೊಂಡದ್ದುಂಟು. ಪ್ರಾಥಮಿಕ ಶಾಲೆಯ ಉಪಾಧ್ಯಾಯರು ದಿನಕ್ಕೆ ಸಾವಿರದಷ್ಟು ಸಲ ಮಕ್ಕಳೊಂದಿಗೆ ಹೀಗೆ ವ್ಯವಹರಿಸುತ್ತಾರೆಂದು ಫಿಲಿಪ್ ಜ್ಯಾಕ್ಸನ್ ೧೯೬೮ರಲ್ಲಿಯೇ ಬರೆದ. ಅದನ್ನು ಈಗ ನಾನು ಅತಿಶಯೋಕ್ತಿಯೆನ್ನಲಾರೆ.

ನನ್ನ ತೀರ್ಪು ನಿಂತಿದ್ದರೆ ಏನಾಗುತ್ತಿತ್ತು? ಕುಯ್ಲು ಮುಗಿದ ಮೇಲೆ ಅವಳ ತಂದೆತಾಯಿ ಇನ್ನೊಂದು ತೋಟಕ್ಕೋ ಊರಿಗೋ ಹೊರಡುತ್ತಾರೆ. ತಾನು ಮಂದಬುದ್ಧಿಯವಳು ಎಂಬ ಒಂದು ಪಾಠವನ್ನು ಮಾತ್ರ ಚೆನ್ನಾಗಿ ಕಲಿತು ಆ ಮಗು ಕನ್ನಡ ನಾಡನ್ನು ಬಿಡುತ್ತಿತ್ತು.

ಈಗ ಓದುಗರಲ್ಲಿ ಕೆಲವರು ಹುಬ್ಬು ಗಂಟಿಕ್ಕಿರಬಹುದು. "ನಿಮ್ಮ ಸೊಸೆ ಒಳ್ಳೆಯವಳು, ಒಪ್ಪಿದೆವು. ಐದನೆಯ ತರಗತಿಯ ಮಕ್ಕಳು ಎರಡನೆಯದರ ಪಾಠ ಓದಲಾರರೆಂದು ೨೦೦೫ರಿಂದ ಅಸರ್ ವರದಿಗಳು ಹೇಳುತ್ತಿಲ್ಲವೆ? ಶಾಲೆಗೆ ಬಂದು ಕುರ್ಚಿಯಲ್ಲಿ ತೂಕಡಿಸುವವರು ಇಲ್ಲವೆ?" ಇದ್ದಾರೆ. ನಾನು ಅವರ ವಕೀಲನಲ್ಲ. ಆದರೆ ತೂಕಡಿಸುವವನನ್ನೂ, ರಿಬ್ಬನ್ನಿನ ಮಾತನ್ನು ನೆನಪಿಟ್ಟುಕೊಂಡವಳನ್ನೂ ನಾವು ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದೇವಲ್ಲ, ಅದು ಹೇಗೆ? ಹಾಜರಿ ಸರಿ ಇದೆಯೆ, ಹಾಲಿನ ಪುಡಿಯ ಲೆಕ್ಕ ಸರಿ ಇದೆಯೆ, ಮಾಹಿತಿ ಗಣಕಯಂತ್ರಕ್ಕೆ ಏರಿತೆ ಎಂದು ಕೇಳುತ್ತೇವೆ. ೧೦೦೫ ಬರೆದ ಹುಡುಗನಿಗೆ ಏನು ಮಾಡಿದಿರಿ ಎಂದು ಕೇಳುವವರಿಲ್ಲ. ಕಲಿಸುವ ಕೆಲಸ ಕಣ್ಣಿಗೆ ಬೀಳದಿದ್ದರೆ ಅದನ್ನು ಮಾಡದಿರುವುದೂ ಕಣ್ಣಿಗೆ ಬೀಳುವುದಿಲ್ಲ. "ಕಲಿಸುವುದೇನು ಮಹಾ" ಎನ್ನುವವರೇ ಸೋಮಾರಿ ಉಪಾಧ್ಯಾಯನ ನಿಜವಾದ ರಕ್ಷಕರು.

ಈ ನಂಬಿಕೆ ಕಾಫಿಯ ಹರಟೆಯಲ್ಲೇ ಮುಗಿದಿದ್ದರೆ ಚಿಂತೆಯಿರಲಿಲ್ಲ. ಅದು ಆಡಳಿತವೂ ಆಗಿದೆ. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಒಂದರಿಂದ ಐದರವರೆಗಿನ ಶಾಲೆಯಲ್ಲಿ ಅರುವತ್ತು ಮಕ್ಕಳವರೆಗೆ ಇಬ್ಬರು ಉಪಾಧ್ಯಾಯರು ಸಾಕು. ಐದು ತರಗತಿಗೆ ಇಬ್ಬರು! ಅದೇ ಕಾಯಿದೆ, ಪಾಠದ ಸಿದ್ಧತೆಯೂ ಸೇರಿ ವಾರಕ್ಕೆ ೪೫ ಗಂಟೆಯ ಕೆಲಸವೆಂದು ಒಪ್ಪಿದೆ. ಆ ಸಿದ್ಧತೆಗೆ ಗಂಟೆ ಎಲ್ಲಿದೆಯೆಂದು ನನ್ನ ಸೊಸೆಯ ದಿನಚರಿಯಲ್ಲಿ ಹುಡುಕಿದೆ. ರಾತ್ರಿ ಮಗು ಮಲಗಿದ ಮೇಲೆ ಇತ್ತು. ಕಾಯಿದೆಯ ೨೭ನೆಯ ಕಲಮು ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವನ್ನು ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಉಪಾಧ್ಯಾಯರನ್ನು ಹಚ್ಚಬಾರದೆನ್ನುತ್ತದೆ. ೨೦೨೫ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ಹತ್ತಿದವರು ಅವರೇ. ಅದು ಮುಗಿಯದೆ ದಸರಾ ರಜೆ ಅಕ್ಟೋಬರ್ ೧೮ರವರೆಗೆ ಬೆಳೆಯಿತು. ಸಮೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ಕಳೆದ ಪಾಠವನ್ನು ಹೆಚ್ಚಿನ ತರಗತಿಗಳಿಂದ ತುಂಬಿಸಬಹುದೆಂದು ಅಷ್ಟು ಸುಲಭವಾಗಿ ನಂಬಿದೆವಲ್ಲ, ಅದನ್ನು ಹೇಳುತ್ತಿದ್ದೇನೆ. ಆಸ್ಪತ್ರೆಯ ಶಸ್ತ್ರವೈದ್ಯರನ್ನು ಹೀಗೆ ಮನೆಮನೆಗೆ ಕಳಿಸಿ, ಬಾಕಿ ಕೊಯ್ತವನ್ನು ಭಾನುವಾರ ಮುಗಿಸಿ ಎನ್ನುತ್ತೇವೆಯೆ? ಖಾಲಿ ಹುದ್ದೆಗೆ ತಿಂಗಳಿಗೆ ಹತ್ತು ಹನ್ನೆರಡು ಸಾವಿರ ಕೊಟ್ಟು 'ಅತಿಥಿ'ಯೆಂದು ಕರೆಯುತ್ತೇವೆ. ಯಾವ ಮನೆಯಲ್ಲಿ ಅತಿಥಿಯಿಂದ ಇಷ್ಟು ದುಡಿಸಿಕೊಳ್ಳುತ್ತಾರೆ?

೧೯೨೧ರಲ್ಲಿ ರಾಧಾಕೃಷ್ಣನ್ ಅವರು ಮೈಸೂರಿನ ಮಹಾರಾಜಾ ಕಾಲೇಜನ್ನು ಬಿಟ್ಟು ಕಲಕತ್ತೆಗೆ ಹೊರಟಾಗ ವಿದ್ಯಾರ್ಥಿಗಳೇ ಅವರ ಸಾರೋಟನ್ನು ರೈಲು ನಿಲ್ದಾಣದವರೆಗೆ ಎಳೆದ ಕಥೆ ನಮಗೆ ಪ್ರಿಯವಾದದ್ದು. ೧೯೬೨ರಿಂದ ಅವರ ಹುಟ್ಟುಹಬ್ಬವನ್ನು ಶಿಕ್ಷಕರ ದಿನವೆಂದು ಆಚರಿಸುತ್ತಿದ್ದೇವೆ. ಒಳ್ಳೆಯದೇ. ಆದರೆ ತತ್ತ್ವಶಾಸ್ತ್ರದ ಪ್ರಾಧ್ಯಾಪಕರ ಮುಂದೆ ಕುಳಿತವರು ಓದು ಬರಹ ಬಲ್ಲ ಪ್ರೌಢರು. ಅವರಿಗೆ ಮೊದಲ ಅಕ್ಷರ ತಿದ್ದಿಸಿದವರ ಗಾಡಿಯನ್ನು ಯಾರು ಎಳೆದರು? ಕಲಿಯುವವರು ಚಿಕ್ಕವರಾದಷ್ಟೂ ಕಲಿಸುವ ಕೆಲಸ ಚಿಕ್ಕದೆಂದು ನಾವು ಸಂಬಳದಲ್ಲಿಯೂ ಮರ್ಯಾದೆಯಲ್ಲಿಯೂ ಬರೆದಿಟ್ಟಿದ್ದೇವೆ. ನಾನು ಕಂಡದ್ದು ಇದರ ತದ್ವಿರುದ್ಧ.

ಶಾಲು ಹಣ್ಣು ಹಾರ ಬೇಕಾಗಿಲ್ಲ. ತರಗತಿಗೊಬ್ಬರಲ್ಲದಿದ್ದರೂ ಐದು ತರಗತಿಗೆ ಮೂವರಾದರೂ ಇರಲಿ. ತರಗತಿಯ ಹೊತ್ತಿನಲ್ಲಿ ಅವರನ್ನು ಹೊರಗೆ ಎಳೆಯುವುದು ನಿಲ್ಲಲಿ. ಸುತ್ತಿನ ಶಾಲೆಗಳ ಉಪಾಧ್ಯಾಯರು ತಿಂಗಳಿಗೆ ಒಮ್ಮೆ ಕೂಡಿ, ಸುತ್ತೋಲೆಗಳನ್ನು ಬದಿಗಿಟ್ಟು, ಒಂದು ಮಗುವಿನ ಒಂದು ತಪ್ಪನ್ನು ಮುಂದಿಟ್ಟುಕೊಂಡು ಮಾತಾಡಲಿ. ಮಂಜು ನೋಡಲು ದೇವರಮನೆಗೆ ಹೋಗುವ ಮಹನೀಯರು, ಆ ಮಾತು ನಾಲಗೆಗೆ ಬಂದಾಗ, ತಮ್ಮ ಊರಿನದೇ ಒಂದು ಶಾಲೆಯಲ್ಲಿ ಅಪ್ಪಣೆ ಪಡೆದು ಒಂದು ಗಂಟೆ ಹಿಂದೆ ಕುಳಿತು ನೋಡಲಿ. ಪಾಠ ಮಾಡಲು ಮಾತ್ರ ಹೋಗದಿರಲಿ.

ಐದನೆಯ ದಿನ ಸಂಜೆ ಸೊಸೆ ಬಾಗಿಲಿಗೆ ಬೀಗ ಹಾಕುತ್ತ, "ಮಾವ, ನಾಳೆಯೂ ಅವರು ಬರುವುದಿಲ್ಲವಂತೆ. ನೀವು ಬರ್ತೀರಾ?" ಎಂದಳು. ನನಗೆ ಮೂಡಿಗೆರೆಯಲ್ಲಿ ಸ್ವಲ್ಪ ಕೆಲಸವಿದೆಯೆಂದು ಹೇಳಿದೆ. ಕೆಲಸವೇನೂ ಇರಲಿಲ್ಲ.