ಸೆಲ್ಫ್ ಹೊಡೆಯುತ್ತದೆ, ಗಾಡಿ ಚಾಲೂ ಆಗುವುದಿಲ್ಲ

ಬೇಸಗೆಯ ಮಧ್ಯಾಹ್ನ ಯಾದಗಿರಿ ಜಿಲ್ಲೆಯ ರಸ್ತೆಗಳಲ್ಲಿ ಸಂಚರಿಸುವವರಿಗೆ ಒಂದು ಮಾತು ಚಿರಪರಿಚಿತವಾದುದು: “ಸೆಲ್ಫ್ ಹೊಡಿತದ, ಗಾಡಿ ಚಾಲೂ ಆಗವಲ್ದು.” ಎಂದರೆ, ಕೀಲಿಯನ್ನು ತಿರುಗಿಸಿದೊಡನೆ ಎಂಜಿನು ಗರಗರನೆ ತಿರುಗುತ್ತದೆ, ಆದರೆ ಹೊತ್ತಿಕೊಂಡು ತಾನಾಗಿ ಓಡುವುದಿಲ್ಲ. ಈ ಮಾತನ್ನಾಡುವವನು ತಾನು ಕೇವಲ ದೂರು ಹೇಳುತ್ತಿರುವೆನೆಂದು ಭಾವಿಸಿರುತ್ತಾನೆ. ವಾಸ್ತವವಾಗಿ ಅವನು ಪರೀಕ್ಷೆಯ ಒಂದು ಭಾಗವನ್ನು ಆಗಲೇ ಮಾಡಿ ಮುಗಿಸಿರುತ್ತಾನೆ. ಉಳಿದ ಭಾಗವನ್ನು ಮಾಡುವ ತಾಳ್ಮೆ ಮಾತ್ರ ಅವನಿಗೂ ಇರುವುದಿಲ್ಲ, ಅನೇಕ ವೇಳೆ ಗ್ಯಾರೇಜಿನವರಿಗೂ ಇರುವುದಿಲ್ಲ. ಬ್ಯಾಟರಿ ಬದಲಾಯಿತು, ಪ್ಲಗ್ಗುಗಳು ಬದಲಾದವು, ಪೆಟ್ರೋಲು ಪಂಪೂ ಬದಲಾಯಿತು. ಕೊನೆಗೆ ಹೇಗೋ ಗಾಡಿ ಚಾಲೂ ಆಯಿತು. ಹಣ ಹೋಯಿತು, ಕಾರಣ ತಿಳಿಯಲಿಲ್ಲ. ಇದು ಯಂತ್ರವಿದ್ಯೆಯ ಹೆಸರಿನಲ್ಲಿ ನಡೆಯುವ ಅದೃಷ್ಟಪರೀಕ್ಷೆಯೆಂದು ನನ್ನ ಅಭಿಪ್ರಾಯ. ಇದಕ್ಕೆ ನಮ್ಮ ವಿಜ್ಞಾನಪಾಠಗಳೂ ಒಂದಿಷ್ಟು ಹೊಣೆಯಾಗಿವೆಯೆಂದು ಹೇಳುವುದೇ ಈ ಲೇಖನದ ಉದ್ದೇಶ.

‘ಸೆಲ್ಫ್’ ಎಂದು ನಮ್ಮ ಜನ ಕರೆಯುವುದು ಸೆಲ್ಫ್ ಸ್ಟಾರ್ಟರೆಂಬ ವಿದ್ಯುತ್ ಮೋಟಾರನ್ನು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಈ ಸಾಧನವು 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಳಕೆಗೆ ಬಂದಿತು. ಅದಕ್ಕೆ ಮುಂಚೆ ಕಬ್ಬಿಣದ ಹ್ಯಾಂಡಲನ್ನು ಕೈಯಿಂದಲೇ ತಿರುಗಿಸಬೇಕಾಗಿತ್ತು. ಎಂಜಿನು ಹಿಮ್ಮುಖವಾಗಿ ಒದೆದರೆ ಮಣಿಕಟ್ಟು ಮುರಿಯುವ ಸಂಭವವೂ ಇತ್ತು. ಸೆಲ್ಫ್ ಎಂಜಿನನ್ನು ಚುರುಕಾಗಿ ತಿರುಗಿಸುತ್ತಿದ್ದರೆ ಬ್ಯಾಟರಿ, ಅದರ ದಪ್ಪ ತಂತಿಗಳು, ಸ್ಟಾರ್ಟರು ಇವೆಲ್ಲ ಬಹುಮಟ್ಟಿಗೆ ಸರಿಯಾಗಿವೆಯೆಂದು ತಿಳಿಯಬೇಕು. ಹೀಗಿರುವಾಗ ಮೊಟ್ಟಮೊದಲು ಬ್ಯಾಟರಿಯನ್ನೇ ಬದಲಾಯಿಸುವುದು ಎಷ್ಟು ವಿಚಿತ್ರ! ತಿರುಗುವಿಕೆ ನಿಧಾನವಾಗಿದ್ದರೆ ಮಾತು ಬೇರೆ. ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟು ತೋರಿಸುವ ಬ್ಯಾಟರಿಯು ಸೆಲ್ಫ್ ಹೊಡೆಯುವಾಗ ಒಂಬತ್ತೂವರೆ ವೋಲ್ಟಿಗಿಂತ ಬಹಳ ಕೆಳಗಿಳಿದರೆ, ಸ್ಟಾರ್ಟರು ಹೇಗೋ ತಿರುಗಿದರೂ ಕಿಡಿಯನ್ನು ಉಂಟುಮಾಡುವ ಉಪಕರಣಗಳಿಗೆ ಸಾಕಷ್ಟು ಶಕ್ತಿ ಉಳಿಯದೆ ಹೋಗಬಹುದು.

ಇನ್ನು ಉಳಿದಿರುವುದೇನು? ಜರ್ಮನಿಯ ನಿಕೊಲಾಸ್ ಆಟೊ 1876ರಲ್ಲಿ ನಿರ್ಮಿಸಿದ ನಾಲ್ಕು ಹೊಡೆತದ ಎಂಜಿನಿಗೆ ಬೇಕಾಗಿದ್ದುದೇ ಇಂದಿನ ಪೆಟ್ರೋಲು ಎಂಜಿನಿಗೂ ಬೇಕು: ಗಾಳಿ, ಇಂಧನ, ಅವೆರಡರ ಮಿಶ್ರಣವನ್ನು ಒತ್ತುವ ಸಂಪೀಡನ, ಸಕಾಲದಲ್ಲಿ ಅದನ್ನು ಹೊತ್ತಿಸುವ ಸಾಧನ. ಈ ನಾಲ್ಕರಲ್ಲಿ ಯಾವುದಿಲ್ಲವೆಂದು ಕಂಡುಹಿಡಿಯುವುದೇ ಮುಂದಿನ ಕೆಲಸ. ಆದರೆ ಹುಡುಕುವ ಕ್ರಮ ಹೇಗೆ?

ಕ್ರಮವನ್ನು ಕಲಿಯಲು ಭೀಮರಾಯನಗುಡಿಯ ವಿದ್ಯಾರ್ಥಿಯು ದೂರ ಹೋಗಬೇಕಾಗಿಲ್ಲ. ಶಹಾಪುರಕ್ಕೆ ಸಮೀಪದ ಈ ಊರು ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿಗಳಿಂದಲೂ ಕೃಷಿ ಮಹಾವಿದ್ಯಾಲಯದಿಂದಲೂ ಪ್ರಸಿದ್ಧವಾದುದು. 1964ರಲ್ಲಿ ಶಂಕುಸ್ಥಾಪನೆಯಾದ ಆ ಯೋಜನೆಯ ನೀರು ನಾರಾಯಣಪುರ ಜಲಾಶಯದಿಂದ ಎಡದಂಡೆ ಕಾಲುವೆಗೆ, ಅಲ್ಲಿಂದ ಶಾಖಾ ಕಾಲುವೆಗೆ, ವಿತರಣಾ ಕಾಲುವೆಗೆ, ಕೊನೆಗೆ ಹೊಲಗಾಲುವೆಗೆ ಹರಿಯುತ್ತದೆ. ಕಾಲುವೆಯ ಕೊನೆಯಂಚಿನ ರೈತನ ಹೊಲಕ್ಕೆ ನೀರು ಬರಲಿಲ್ಲವೆಂದು ಭಾವಿಸೋಣ. ಬುದ್ಧಿವಂತನಾದವನು ಜಲಾಶಯದಿಂದ ಮೊದಲುಮಾಡಿ ಪ್ರತಿಯೊಂದು ಮಾರನ್ನೂ ಅಗೆಯುತ್ತ ಬರುವುದಿಲ್ಲ; ನಡುದಾರಿಯ ಒಂದು ತೂಬಿನ ಬಳಿ ನಿಂತು, ‘ಇಲ್ಲಿ ನೀರಿದೆಯೇ?’ ಎಂದು ನೋಡುತ್ತಾನೆ. ಇದ್ದರೆ ದೋಷವು ಕೆಳಗೆ, ಇಲ್ಲದಿದ್ದರೆ ಮೇಲೆ. ಒಂದೇ ನೋಟದಿಂದ ಅರ್ಧ ಕಾಲುವೆಯು ಸಂಶಯದಿಂದ ಪಾರಾಯಿತು. ಹದಿನಾರು ಸ್ಥಳಗಳಲ್ಲಿ ಒಂದೆಡೆ ದೋಷವಿದ್ದರೆ ಹೀಗೆ ಅರ್ಧರ್ಧ ಮಾಡುತ್ತ ನಾಲ್ಕೇ ಪರೀಕ್ಷೆಗಳಲ್ಲಿ ಅದನ್ನು ಹಿಡಿಯಬಹುದು.

ಎಂಜಿನಿನಲ್ಲಿಯೂ ಇಂತಹ ತೂಬುಗಳಿವೆ. ಕೆಲವಕ್ಕೆ ಕಣ್ಣು ಕಿವಿಗಳೇ ಸಾಕು. ಕೀಲಿಯನ್ನು ಮೊದಲ ಹಂತಕ್ಕೆ ತಿರುಗಿಸಿದಾಗ ಹಿಂದಿನ ಆಸನದ ಕೆಳಗಿಂದ ಎರಡು ಸೆಕೆಂಡುಗಳ ಕಾಲ ಪೆಟ್ರೋಲು ಪಂಪಿನ ಗುಂಯ್‌ಗುಡುವ ಶಬ್ದ ಅನೇಕ ಕಾರುಗಳಲ್ಲಿ ಕೇಳಿಸುತ್ತದೆ. ಕೇಳಿಸದಿದ್ದರೆ ಮೊದಲು ಫ್ಯೂಸು, ರಿಲೇಗಳನ್ನು ನೋಡಬೇಕು. ಕೀಲಿಯ ಚಿತ್ರವಿರುವ ಕಳ್ಳತನ ನಿರೋಧಕ ದೀಪವು ಮಿನುಗುತ್ತಲೇ ಇದ್ದರೆ, ಕಾರು ತನ್ನ ಕೀಲಿಯನ್ನು ಗುರುತಿಸಿಲ್ಲವೆಂದು ಶಂಕಿಸಬಹುದು. ಎಂಜಿನಿನ ತಾಳವನ್ನೂ ಆಲಿಸಬೇಕು. ಪ್ರತಿ ಸಿಲಿಂಡರಿನ ಸಂಪೀಡನವನ್ನು ಎದುರಿಸುವಾಗ ಸೆಲ್ಫಿನ ಧ್ವನಿ ಕ್ಷಣಮಾತ್ರ ಭಾರವಾಗುವುದು. ಆದ್ದರಿಂದ ಆರೋಗ್ಯವಂತ ಎಂಜಿನಿಗೆ ಒಂದು ಏರಿಳಿತವಿರುತ್ತದೆ. ಅದಿಲ್ಲದೆ ಬರಿಯ ರಾಟೆಯಂತೆ ಸಲೀಸಾಗಿ ತಿರುಗಿದರೆ ಕವಾಟಗಳನ್ನು ನಡೆಸುವ ಟೈಮಿಂಗ್ ಬೆಲ್ಟು ಕಡಿದಿರಬಹುದು. ಆಗ ಸೆಲ್ಫ್ ಹೊಡೆಯುವುದನ್ನು ಕೂಡಲೆ ನಿಲ್ಲಿಸಬೇಕು; ಹಲವು ಎಂಜಿನುಗಳಲ್ಲಿ ತೆರೆದ ಕವಾಟಕ್ಕೆ ಪಿಸ್ಟನ್ನು ಬಡಿದು ಹಾನಿ ಹೆಚ್ಚುವುದು. ಕಿಡಿಯ ಪರೀಕ್ಷೆ, ಇಂಧನದ ಒತ್ತಡದ ಪರೀಕ್ಷೆಗಳನ್ನು ಮಾತ್ರ ಬಲ್ಲವರೇ ಮಾಡತಕ್ಕದ್ದು. ಪ್ಲಗ್ಗಿಗೆ ಹೋಗುವ ವಿದ್ಯುತ್ತು ಸಾವಿರಾರು ವೋಲ್ಟುಗಳದ್ದು. ಪಕ್ಕದಲ್ಲಿಯೇ ಪೆಟ್ರೋಲಿನ ಆವಿ!

ಈಗ ನಮ್ಮ ಸೀಮೆಯ ಬಿಸಿಲಿಗೆ ವಿಶೇಷವಾಗಿ ಸಂಬಂಧಿಸಿದ ಒಂದು ಪ್ರಸಂಗಕ್ಕೆ ಬರೋಣ. ಉಷ್ಣತೆ ನಲವತ್ತು ಡಿಗ್ರಿಯನ್ನು ದಾಟಿದ ದಿನ, ಸುರಪುರದ ಕಡೆಯಿಂದ ಬಂದ ಕಾರೊಂದು ಭೀಮರಾಯನಗುಡಿಯಲ್ಲಿ ಹತ್ತು ನಿಮಿಷ ನಿಂತಿತೆನ್ನಿ. ಮತ್ತೆ ಹೊರಡಲು ನೋಡಿದರೆ ಸೆಲ್ಫ್ ಹೊಡೆಯುತ್ತದೆ, ಎಂಜಿನು ಹೊತ್ತುವುದಿಲ್ಲ. ಹಿರಿಯರೊಬ್ಬರು ಒದ್ದೆ ಬಟ್ಟೆಯನ್ನು ಹಾಕಲು ಹೇಳುತ್ತಾರೆ. ಅರ್ಧ ಗಂಟೆಯ ಬಳಿಕ ಗಾಡಿ ಚಾಲೂ ಆಗುತ್ತದೆ. ಎಲ್ಲರೂ ತಲೆದೂಗುತ್ತಾರೆ: ಪೆಟ್ರೋಲು ಆವಿಯಾಗಿತ್ತು!

ಹಿರಿಯರ ಮಾತು ಅಂಬಾಸಡರ್ ಕಾರಿನ ಕಾಲಕ್ಕೆ ಯಥಾರ್ಥವಾಗಿತ್ತು. ಅದರಲ್ಲಿ ಪಂಪು ಬಿಸಿ ಎಂಜಿನಿಗೆ ಅಂಟಿಕೊಂಡಿದ್ದು, ಪೆಟ್ರೋಲನ್ನು ದೂರದ ಟ್ಯಾಂಕಿನಿಂದ ಹೀರಿಕೊಳ್ಳುತ್ತಿತ್ತು. ಹೀರುವ ನಳಿಗೆಯಲ್ಲಿ ಒತ್ತಡ ಕಡಿಮೆ. ಒತ್ತಡ ಕಡಿಮೆಯಾದಲ್ಲಿ ದ್ರವವು ಬೇಗ ಕುದಿಯುವುದು. ಪೆಟ್ರೋಲಿನ ಹಗುರ ಅಂಶಗಳಂತೂ ನಮ್ಮ ಬೇಸಗೆಯ ಉಷ್ಣತೆಯ ಆಸುಪಾಸಿನಲ್ಲಿಯೇ ಕುದಿಯತೊಡಗುತ್ತವೆ. ಪಂಪಿನಲ್ಲಿ ಆವಿ ತುಂಬಿದರೆ ಅದು ದ್ರವವನ್ನು ಎತ್ತಲಾರದು. ಇಂದಿನ ಕಾರಿನಲ್ಲಿಯಾದರೋ ಪಂಪು ಟ್ಯಾಂಕಿನೊಳಗೇ ಮುಳುಗಿದ್ದು, ವಾಯುಭಾರದ ಸುಮಾರು ಮೂರು ಪಟ್ಟು ಒತ್ತಡದಿಂದ ಪೆಟ್ರೋಲನ್ನು ಮುಂದಕ್ಕೆ ತಳ್ಳುತ್ತದೆ. ಒತ್ತಡ ಹೆಚ್ಚಿದಂತೆ ಕುದಿಬಿಂದುವೂ ಏರುವುದರಿಂದ ಇಲ್ಲಿ ಆವಿಯ ಅಡಚಣೆ ಅಪರೂಪ.

ಹಾಗಾದರೆ ಒದ್ದೆ ಬಟ್ಟೆಯಿಂದ ಗಾಡಿ ಹೇಗೆ ಚಾಲೂ ಆಯಿತು? ಇಂತಹ ಪ್ರಸಂಗಗಳಲ್ಲಿ ಅನೇಕ ವೇಳೆ ಅಪರಾಧಿಯಾಗಿರುವುದು ಕ್ರ್ಯಾಂಕ್ ಸೆನ್ಸರೆಂಬ ಪುಟ್ಟ ವಸ್ತು. ಕ್ರ್ಯಾಂಕ್ ದಂಡದ ಮೇಲೆ ಹಲ್ಲುಗಳಿರುವ ಒಂದು ಚಕ್ರವಿದೆ; ಅರುವತ್ತು ಹಲ್ಲುಗಳ ಸ್ಥಳದಲ್ಲಿ ಎರಡನ್ನು ಬಿಟ್ಟು ಐವತ್ತೆಂಟನ್ನು ಕೊರೆಯುವುದು ಒಂದು ಸಾಮಾನ್ಯ ರೂಢಿ. ಅದರ ಎದುರಿಗೆ ಅಯಸ್ಕಾಂತವೊಂದು, ಅದನ್ನು ಸುತ್ತಿದ ಕೂದಲೆಳೆಯಂತಹ ತಂತಿಯ ಸುರುಳಿ. ಹಲ್ಲು ಹಾದುಹೋದಾಗಲೆಲ್ಲ ಸುರುಳಿಯಲ್ಲಿ ವಿದ್ಯುತ್ ಸ್ಪಂದನ ಹುಟ್ಟುವುದು. ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ ಪ್ರೇರಣೆಯೇ ಇದು. ಪಠ್ಯಪುಸ್ತಕದಲ್ಲಿ ನೀವು ಓದಿರುವುದೂ ಇದೇ. ಇಲ್ಲದ ಎರಡು ಹಲ್ಲುಗಳ ತೆರಪಿನಿಂದ ಪಿಸ್ಟನ್ನುಗಳು ಎಲ್ಲಿವೆಯೆಂದು ಕಾರಿನ ಗಣಕಯಂತ್ರವು ತಿಳಿದುಕೊಳ್ಳುತ್ತದೆ. ಬಹುಕಾಲದ ಶಾಖದಿಂದ ಸುರುಳಿಯ ತಂತಿಯಲ್ಲೆಲ್ಲಾದರೂ ಬಿರುಕು ಬಿಟ್ಟಿದ್ದರೆ, ಬಿಸಿಗೆ ಹಿಗ್ಗಿದಾಗ ತುದಿಗಳು ಅಗಲುವುವು, ತಣಿದಾಗ ಪುನಃ ಕೂಡುವುವು. ತುದಿಗಳು ಅಗಲಿರುವಷ್ಟು ಕಾಲ ಗಣಕಯಂತ್ರಕ್ಕೆ ಎಂಜಿನು ತಿರುಗುತ್ತಿರುವ ಸಂಗತಿಯೇ ತಿಳಿಯದು. ಅನೇಕ ಕಾರುಗಳಲ್ಲಿ ಅದು ಕಿಡಿಯನ್ನೂ ಕೊಡದು, ಇಂಧನವನ್ನೂ ಬಿಡದು.

ಆದುದರಿಂದ ಅರ್ಧ ಗಂಟೆಯ ತಂಪು ಎರಡು ರೋಗಗಳಿಗೂ ಒಂದೇ ಔಷಧವಾಯಿತು. ಔಷಧವು ಫಲಿಸಿತೆಂಬುದರಿಂದ ರೋಗ ಯಾವುದೆಂದು ಸಿದ್ಧವಾಗಲಿಲ್ಲ. ಪರೀಕ್ಷಿಸಬೇಕಾದುದು ಗಾಡಿ ಸತ್ತಿರುವಾಗಲೇ, ಬದುಕಿದ ಮೇಲಲ್ಲ. ಕಿಡಿಯಿದ್ದು ಇಂಧನವಿಲ್ಲದಿದ್ದರೆ ಒಂದು ದಾರಿ. ಎರಡೂ ಇಲ್ಲದಿದ್ದರೆ ಮತ್ತೊಂದು ದಾರಿ. ಸೆಲ್ಫ್ ಹೊಡೆಯುವಾಗ ಸುತ್ತುಗಳನ್ನು ತೋರಿಸುವ ಮುಳ್ಳು ಹಲವು ಕಾರುಗಳಲ್ಲಿ ಸ್ವಲ್ಪ ಏಳುತ್ತದೆ. ಅಂತಹ ಕಾರಿನಲ್ಲಿ ಅದು ಸೊನ್ನೆಯಲ್ಲೇ ಮಲಗಿದ್ದರೆ ಸೆನ್ಸರಿನ ಕಡೆಗೆ ಬೆರಳು ತೋರಿಸಿದಂತೆಯೇ. ಕಾಸಿನ ಖರ್ಚಿಲ್ಲದ ಈ ಪರೀಕ್ಷೆಯನ್ನು ಯಾರೂ ಮಾಡದುದರಿಂದ ಎಷ್ಟೋ ಒಳ್ಳೆಯ ಪೆಟ್ರೋಲು ಪಂಪುಗಳು ಗುಜರಿಗೆ ಸೇರುತ್ತವೆ.

‘ಈಗ ಗಣಕಯಂತ್ರವೇ ದೋಷವನ್ನು ಹೇಳುವುದಲ್ಲ, ತಲೆನೋವೇಕೆ?’ ಎಂದು ಕೆಲವರು ಆಕ್ಷೇಪಿಸಬಹುದು. ಸ್ಕ್ಯಾನರಿನ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪಿ 0335 ಎಂಬ ಸಂಕೇತವು ಬಂದರೆ ಅದರ ಅರ್ಥ ಕ್ರ್ಯಾಂಕ್ ಸೆನ್ಸರಿನ ಮಂಡಲದಲ್ಲಿ ದೋಷವಿದೆಯೆಂದಷ್ಟೇ. ಮಂಡಲವೆಂದರೆ ಸೆನ್ಸರು, ತಂತಿ, ಜೋಡಣೆಯ ಕೊಂಡಿ, ಹಲ್ಲಿನ ಚಕ್ರ ಎಲ್ಲವೂ ಸೇರಿದವು. ಇಲಿ ಕಡಿದ ತಂತಿಗೆ ಹೊಸ ಸೆನ್ಸರನ್ನು ಹಾಕಿದರೆ ಆಗುವ ಪ್ರಯೋಜನವೇನು? ಸಂಕೇತವು ಊರಿನ ಹೆಸರನ್ನು ತಿಳಿಸಿತು. ಮನೆಯನ್ನು ನಾವೇ ಹುಡುಕಬೇಕು.

ಡೀಸೆಲ್ ವಾಹನಗಳಲ್ಲಿ ಕಿಡಿಯ ಪ್ರಶ್ನೆಯಿಲ್ಲ. ಒತ್ತಿದ ಗಾಳಿಯ ಶಾಖದಿಂದಲೇ ಇಂಧನ ಹೊತ್ತುವುದು. ರೈತರ ಟ್ರ್ಯಾಕ್ಟರು ತಿರುಗಿಯೂ ಹೊತ್ತದಿದ್ದಾಗ ಹೊಗೆ ಕೊಳವೆಯ ಕಡೆ ನೋಡಬೇಕು. ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲು ಒಳಗೆ ಸೇರುತ್ತಿದೆ, ಹೊತ್ತುತ್ತಿಲ್ಲವೆಂದು ಸಾಮಾನ್ಯವಾಗಿ ತಿಳಿಯಬಹುದು. ಹೊಗೆಯೇ ಇಲ್ಲದಿದ್ದರೆ ಡೀಸೆಲು ತಲುಪುತ್ತಿಲ್ಲ. ಟ್ಯಾಂಕು ಬರಿದಾಗಿ ನಳಿಗೆಯಲ್ಲಿ ಗಾಳಿ ಸೇರಿತೇ ಎಂದು ವಿಚಾರಿಸಬೇಕು.

ಇಷ್ಟಕ್ಕೂ ಬೇಕಾದ ಶಾಸ್ತ್ರವೆಲ್ಲ ನಮ್ಮ ವಿದ್ಯಾರ್ಥಿಗಳ ಪುಸ್ತಕಗಳಲ್ಲಿದೆ: ಕುದಿಬಿಂದು, ಒತ್ತಡ, ವಿದ್ಯುತ್ ಪ್ರೇರಣೆ, ಉಷ್ಣದಿಂದ ಹಿಗ್ಗುವಿಕೆ. ಇಲ್ಲದಿರುವುದು ಪ್ರಶ್ನೆ ಕೇಳುವ ಅಭ್ಯಾಸ. ‘ಸ್ಪಾರ್ಕ್ ಪ್ಲಗ್ಗಿನ ಕಾರ್ಯವೇನು?’ ಎಂಬ ಪ್ರಶ್ನೆಗೆ ಕಂಠಪಾಠದ ಉತ್ತರವುಂಟು. ‘ಅದು ಕಾರ್ಯ ಮಾಡುತ್ತಿಲ್ಲವೆಂದು ಹೇಗೆ ತಿಳಿಯುವಿರಿ?’ ಎಂಬುದಕ್ಕೆ ಕಂಠಪಾಠ ಸಾಲದು. ಪ್ರತಿಯೊಂದು ಕಾಲೇಜಿಗೂ ಒಂದು ಹಳೆಯ ಎಂಜಿನು ದೊರೆಯಬೇಕು. ಅಧ್ಯಾಪಕರು ಅದರಲ್ಲಿ ಒಂದು ದೋಷವನ್ನು ಗುಟ್ಟಾಗಿ ಇಟ್ಟು, ಯಾವ ಭಾಗವನ್ನೂ ಬದಲಾಯಿಸದೆ ಅದನ್ನು ಕಂಡುಹಿಡಿಯುವಂತೆ ವಿದ್ಯಾರ್ಥಿಗಳಿಗೆ ಹೇಳಬೇಕು. ಎಂಜಿನು ದೊರೆಯುವವರೆಗೆ ಕಾಗದದ ಮೇಲಾದರೂ ಪ್ರಾರಂಭವಾಗಲಿ. ಮುಂದಿನ ಪರೀಕ್ಷೆಗೆ ನನ್ನದೊಂದು ಪ್ರಶ್ನೆ ಇಲ್ಲಿದೆ: ‘ಒಂದು ಪೆಟ್ರೋಲು ಕಾರು ಬೆಳಗ್ಗೆ ಸರಿಯಾಗಿ ಚಾಲೂ ಆಗುತ್ತದೆ, ಮಧ್ಯಾಹ್ನ ಸೆಲ್ಫ್ ಚುರುಕಾಗಿ ಹೊಡೆದರೂ ಹೊತ್ತುವುದಿಲ್ಲ, ಪಂಪಿನ ಶಬ್ದ ಕೇಳಿಸುತ್ತದೆ. ಮೊದಲು ಯಾವ ಪರೀಕ್ಷೆಯನ್ನು ಮಾಡುವಿರಿ? ಅದರ ಫಲ ಹೌದೆಂದಾದರೆ ಎತ್ತ, ಅಲ್ಲವೆಂದಾದರೆ ಎತ್ತ ಹೋಗುವಿರಿ?’